ವಿದೇಶೀ ಆಯುಧ ವ್ಯಾಪಾರ ಮತ್ತು ಸರಕಾರದ ನಿಯಂತ್ರಣ: ಹೈದರಾಬಾದ್ ಸಂಸ್ಥಾನದ ನಿದರ್ಶನ

ಯುದ್ಧನೌಕೆಯನ್ನಾಗಲಿ ಬಂದೂಕನ್ನಾಗಲಿ ಒಂದು ದೇಶವು ಇನ್ನೊಂದಕ್ಕೆ ಮಾರುವುದು ತೊಗರಿಯನ್ನು ಮಾರಿದಂತಲ್ಲ. ತೊಗರಿ ಮಾರಿದವನ ಹೊಣೆ ಹಣ ಕೈಸೇರಿದೊಡನೆ ಮುಗಿಯುತ್ತದೆ. ಆಯುಧ ಮಾರಿದವನ ಹೊಣೆ ಅಲ್ಲಿಂದಲೇ ಮೊದಲಾಗುತ್ತದೆ. ಆದುದರಿಂದಲೇ ಆಧುನಿಕ ರಾಜ್ಯಗಳು ಈ ವ್ಯಾಪಾರವನ್ನು ಸರಕಾರದ ಅನುಮತಿಗೆ ಒಳಪಡಿಸಿವೆ. ಅನುಮತಿ ಕೊಡುವ ಮುನ್ನ ಸರಕಾರವು ಸಾಮಾನ್ಯವಾಗಿ ಮೂರು ಪ್ರಶ್ನೆಗಳನ್ನು ಕೇಳುತ್ತದೆ: ಮಾರುವವನಿಗೆ ಅಧಿಕಾರವುಂಟೆ? ಸರಕು ಯಾವ ದಾರಿಯಿಂದ ಹೋಗುತ್ತದೆ? ಕೊನೆಗೆ ಅದು ಯಾರ ಕೈಸೇರಿ ಯಾವ ಕಾರ್ಯಕ್ಕೆ ಬಳಕೆಯಾಗುತ್ತದೆ? ಇತಿಹಾಸದ ವಿದ್ಯಾರ್ಥಿಯು ಇವುಗಳಿಗೆ ನಾಲ್ಕನೆಯದೊಂದನ್ನು ಸೇರಿಸಬೇಕು: ಅನುಮತಿ ಕೊಡುವ ಸರಕಾರವು ತಾನು ಯಾರಿಗೆ ಉತ್ತರ ಹೇಳಬೇಕಾಗಿದೆ?

ಇವು ದೆಹಲಿ, ಲಂಡನ್, ವಾಷಿಂಗ್ಟನ್ ನಗರಗಳಿಗೆ ಮಾತ್ರ ಸಂಬಂಧಪಟ್ಟ ವಿಷಯಗಳೆಂದು ನಮ್ಮ ವಿದ್ಯಾರ್ಥಿಗಳು ಭಾವಿಸುವುದುಂಟು. ವಸ್ತುಸ್ಥಿತಿ ಹಾಗಿಲ್ಲ. ಚಂದಾಪುರ, ಚಿಂಚೋಳಿ, ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಊರುಗಳನ್ನೊಳಗೊಂಡ ನಮ್ಮ ಪ್ರದೇಶವು ೧೯೪೮ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಆ ಸಂಸ್ಥಾನಕ್ಕೆ ಹೊರಗಿನಿಂದ ಆಯುಧ ಬರುವುದನ್ನು ಒಂದೂವರೆ ಶತಮಾನ ಕಾಲ ಒಂದು ಬಲವಾದ ಶಕ್ತಿ ತಡೆದಿಟ್ಟಿತ್ತು. ಆ ಶಕ್ತಿ ಹಿಂದೆಗೆದ ಒಂದು ವರ್ಷದೊಳಗಾಗಿ ತಡೆಯೂ ಕುಸಿಯಿತು. ಹೀಗಾದುದೇಕೆಂದು ವಿವರಿಸಿ, ಇಂದಿನ ನೌಕಾ ವ್ಯಾಪಾರದ ನಿಯಮಗಳನ್ನು ಅದರ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

೧. ಕರಾವಳಿಯಿಲ್ಲದ ರಾಜ್ಯ

ಹೈದರಾಬಾದ್ ಸಂಸ್ಥಾನವು ವಿಸ್ತಾರದಲ್ಲಿ ದೊಡ್ಡದಾಗಿದ್ದರೂ ಅದಕ್ಕೆ ಸಮುದ್ರತೀರವಿರಲಿಲ್ಲ. ಮಚಲಿಪಟ್ಟಣವನ್ನೊಳಗೊಂಡ ಉತ್ತರ ಸರ್ಕಾರುಗಳ ಕರಾವಳಿಯು ಹದಿನೆಂಟನೆಯ ಶತಮಾನದಲ್ಲಿಯೇ ಈಸ್ಟ್ ಇಂಡಿಯಾ ಕಂಪನಿಯ ವಶವಾಗಿತ್ತು. ಆದರೂ ಆ ಶತಮಾನದ ಕೊನೆಯಲ್ಲಿ ನಿಜಾಮ್ ಅಲಿ ಖಾನನ ಬಳಿ ರೇಮೊನ್ ಎಂಬ ಫ್ರೆಂಚ್ ದಳಪತಿಯು ಕಟ್ಟಿ ಬೆಳೆಸಿದ ಪ್ರಬಲವಾದ ಸೈನ್ಯವೊಂದಿತ್ತು. ರೇಮೊನ್ ೧೭೯೮ರಲ್ಲಿ ತೀರಿಕೊಂಡನು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕಂಪನಿಯು ನಿಜಾಮನೊಡನೆ ಒಪ್ಪಂದ ಮಾಡಿಕೊಂಡು, ಅಕ್ಟೋಬರಿನಲ್ಲಿ ಆ ದಳವನ್ನು ನಿಶ್ಶಸ್ತ್ರಗೊಳಿಸಿತು. ೧೮೦೦ರ ಒಪ್ಪಂದದಿಂದ ಅನ್ಯ ರಾಜ್ಯಗಳೊಡನೆ ಸ್ವತಂತ್ರವಾಗಿ ವ್ಯವಹರಿಸುವ ಅಧಿಕಾರವೂ ನಿಜಾಮನ ಕೈತಪ್ಪಿತು.

ಮುಂದೆ ೧೮೭೮ರ ಭಾರತೀಯ ಆಯುಧ ಕಾನೂನು ಜಾರಿಗೆ ಬಂದಿತು. ಲೈಸೆನ್ಸ್ ಇಲ್ಲದೆ ಆಯುಧಗಳನ್ನು ಬ್ರಿಟಿಷ್ ಇಂಡಿಯಾದೊಳಕ್ಕೆ ತರುವುದನ್ನೂ ಅಲ್ಲಿಂದ ಹೊರಕ್ಕೆ ಸಾಗಿಸುವುದನ್ನೂ ಇದು ನಿಷೇಧಿಸಿತು. ಕಾನೂನು ಬ್ರಿಟಿಷರ ಪ್ರಾಂತ್ಯಗಳಿಗೆ ಅನ್ವಯಿಸುತ್ತಿದ್ದರೂ ಅದರ ಪರಿಣಾಮ ಸಂಸ್ಥಾನದ ಮೇಲೂ ಆಗುತ್ತಿತ್ತು. ಏಕೆಂದರೆ ಬಂದರುಗಳೆಲ್ಲ ಅನ್ಯರ ಕೈಯಲ್ಲಿದ್ದವು. ೧೮೭೪ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲುಮಾರ್ಗ ತೆರೆದಾಗ, ಮುಂಬಯಿ ಕಡೆಯ ಮುಖ್ಯಮಾರ್ಗಕ್ಕೂ ನಿಜಾಮರ ಮಾರ್ಗಕ್ಕೂ ವಾಡಿಯೇ ಸಂಧಿಸ್ಥಾನವಾಯಿತು. ಚಿತ್ತಾಪುರ, ಸೇಡಂಗಳನ್ನು ಹಾದು ರಾಜಧಾನಿಗೆ ಹೋಗುವ ಸರಕು ಮೊದಲು ಮುಂಬಯಿಯ ಸುಂಕದ ಕಟ್ಟೆಯನ್ನೂ ಆಮೇಲೆ ಬ್ರಿಟಿಷರ ರೈಲುದಾರಿಯನ್ನೂ ದಾಟಿ ಬರಬೇಕಿತ್ತು. ಇಷ್ಟು ಬಾಗಿಲುಗಳನ್ನು ಕಾಯುವವನಿಗೆ ಒಳಗಿನ ಮನೆಯನ್ನು ಶೋಧಿಸುವ ಅಗತ್ಯವೇ ಬೀಳುವುದಿಲ್ಲ.

ಈ ನಿಯಂತ್ರಣವು ಪರಿಣಾಮಕಾರಿಯಾಗಿತ್ತೆಂಬುದು ನಿಜ. ಆದರೆ ಅದರ ಗುರಿ ಸಾಮ್ರಾಜ್ಯದ ಸುರಕ್ಷತೆಯೇ ಹೊರತು ಪ್ರಜೆಗಳ ಕ್ಷೇಮವಲ್ಲ. ಅದನ್ನು ನಡೆಸುತ್ತಿದ್ದ ಅಧಿಕಾರಿಗಳು ಸಂಸ್ಥಾನದ ಜನರಿಗೆ ಯಾವ ವಿಧದಲ್ಲಿಯೂ ಉತ್ತರವಾದಿಗಳಾಗಿರಲಿಲ್ಲ. ಈ ದೋಷದ ಫಲ ೧೯೪೭ರ ಬಳಿಕ ಕಾಣಿಸಿಕೊಂಡಿತು.

೨. ಬೀದರದ ವಿಮಾನತಾಣ

೧೯೪೭ರ ಆಗಸ್ಟಿನಲ್ಲಿ ಬ್ರಿಟಿಷ್ ಪರಮಾಧಿಕಾರವು ಕೊನೆಗೊಂಡಿತು. ಹೈದರಾಬಾದ್ ಭಾರತದಲ್ಲಿ ವಿಲೀನವಾಗಲೊಪ್ಪದೆ, ನವೆಂಬರ್ ೨೯ರಂದು ಒಂದು ವರ್ಷದ ಯಥಾಸ್ಥಿತಿ ಒಪ್ಪಂದಕ್ಕೆ ಸಹಿ ಹಾಕಿತು. ರಕ್ಷಣೆ, ವಿದೇಶ ವ್ಯವಹಾರ ಮತ್ತು ಸಂಪರ್ಕ ವಿಷಯಗಳಲ್ಲಿ ಹಿಂದೆ ಬ್ರಿಟಿಷರೊಡನಿದ್ದ ಏರ್ಪಾಡೇ ಭಾರತ ಸರಕಾರದೊಡನೆ ಮುಂದುವರಿಯತಕ್ಕದ್ದೆಂಬುದು ಅದರ ತಿರುಳು. ೧೯೪೮ರ ಆರಂಭದಲ್ಲಿ ಭಾರತದ ಸೈನ್ಯವು ಸಿಕಂದರಾಬಾದನ್ನು ತೆರವು ಮಾಡಿತು. ತನಗೆ ಸಲ್ಲಬೇಕಾದ ಆಯುಧಗಳನ್ನು ಭಾರತ ಒದಗಿಸುತ್ತಿಲ್ಲವೆಂದೂ ಸರಕುಗಳ ಸಾಗಾಟಕ್ಕೆ ಅಡ್ಡಿ ಮಾಡುತ್ತಿದೆಯೆಂದೂ ಹೈದರಾಬಾದ್ ದೂರಿತು. ಪಾಕಿಸ್ತಾನಕ್ಕೆ ೨೦ ಕೋಟಿ ರೂಪಾಯಿಗಳ ಸಾಲ ಕೊಟ್ಟು ಹೈದರಾಬಾದೇ ಒಪ್ಪಂದವನ್ನು ಮುರಿದಿದೆಯೆಂದು ಭಾರತ ಸರಕಾರ ಪ್ರತಿಯಾಗಿ ಆರೋಪಿಸಿತು.

ಸಂಸ್ಥಾನದ ಆಡಳಿತವು ಹೊರದಾರಿಯನ್ನು ಹುಡುಕಿತು. ಪೋರ್ಚುಗೀಸರ ಗೋವೆಯಲ್ಲಿ ಬಂದರಿನ ಸೌಲಭ್ಯ ಪಡೆಯುವ ಪ್ರಯತ್ನವು ಸಫಲವಾಗಲಿಲ್ಲ. ನೆಲದ ದಾರಿಯಾಗಲಿ ನೀರಿನ ದಾರಿಯಾಗಲಿ ಇಲ್ಲದಾದಾಗ ಆಕಾಶದ ದಾರಿಯೊಂದು ಉಳಿಯಿತು. ಎರಡನೆಯ ಮಹಾಯುದ್ಧದಲ್ಲಿ ವೈಮಾನಿಕ ಛಾಯಾಚಿತ್ರಣಕ್ಕೆ ಹೆಸರಾಗಿದ್ದ ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದ ವೈಮಾನಿಕನು, ಬಾಂಬರ್ ವಿಮಾನದಿಂದ ರೂಪಾಂತರಗೊಂಡ ಲ್ಯಾಂಕಾಸ್ಟ್ರಿಯನ್ ವಿಮಾನಗಳಲ್ಲಿ ೧೯೪೮ರಲ್ಲಿ ಕರಾಚಿಯಿಂದ ಆಯುಧಗಳನ್ನು ತಂದಿಳಿಸತೊಡಗಿದನು. ವಿಮಾನಗಳು ಇಳಿಯುತ್ತಿದ್ದ ತಾಣಗಳಲ್ಲಿ ಬೀದರವೂ ವರಂಗಲ್ಲೂ ಮುಖ್ಯವಾದುವು. ಕರಾಚಿಯಿಂದ ಬೀದರಕ್ಕೆ ನೇರವಾಗಿ ಸುಮಾರು ೧,೩೦೦ ಕಿ.ಮೀ. ದೂರ, ಚಂದಾಪುರದಿಂದ ಬೀದರಕ್ಕೆ ಉತ್ತರದಿಕ್ಕಿನಲ್ಲಿ ಸುಮಾರು ೫೦ ಕಿ.ಮೀ. ಮಾತ್ರ. ಒಂದೂವರೆ ಶತಮಾನ ಕಾದ ಬಾಗಿಲುಗಳೆಲ್ಲ ಇದ್ದಲ್ಲಿಯೇ ಇದ್ದವು. ಸರಕು ಮಾತ್ರ ಅವುಗಳ ಮೇಲಿಂದ ಹಾರಿಹೋಯಿತು.

ಮೊದಲು ಹೇಳಿದ ಪ್ರಶ್ನೆಗಳನ್ನು ಇಲ್ಲಿ ಅನ್ವಯಿಸಿ ನೋಡಬಹುದು. ಮಾರಾಟಕ್ಕೆ ಅಧಿಕಾರವಿತ್ತೆ? ರಕ್ಷಣಾ ವಿಷಯವು ಒಪ್ಪಂದದಂತೆ ತನ್ನದೆಂದು ಭಾರತ ವಾದಿಸಿತು. ಸ್ವತಂತ್ರ ರಾಜ್ಯವಾದ ತಾನು ಆತ್ಮರಕ್ಷಣೆಗಾಗಿ ಆಯುಧ ಕೊಳ್ಳಬಹುದೆಂದು ಹೈದರಾಬಾದ್ ವಾದಿಸಿತು. ದಾರಿಯ ಮೇಲೆ ನಿಗಾ ಇತ್ತೆ? ವಿಮಾನಗಳ ಹಾರಾಟ ನಿಲ್ಲಿಸಲು ಯಾರಿಂದಲೂ ಆಗಲಿಲ್ಲ. ಬಳಿಕ ಬ್ರಿಟನ್ನಿನಲ್ಲಿ ವಾಯುಸಂಚಾರ ಕಾನೂನಿನ ಮೇರೆಗೆ ಕಾಟನ್ನನ ಮೇಲೆ ಮೊಕದ್ದಮೆ ನಡೆದು ೨೦೦ ಪೌಂಡುಗಳ ದಂಡವಾಯಿತು. ಒಂದು ಸಂಸ್ಥಾನದ ಭವಿಷ್ಯಕ್ಕೆ ಸಂಬಂಧಿಸಿದ ಆಯುಧ ಸಾಗಾಟಕ್ಕೆ ಕಾನೂನು ಕಟ್ಟಿದ ಬೆಲೆ ಇಷ್ಟು. ಆಯುಧಗಳಾದರೂ ಪರಿಣಾಮವನ್ನು ಬದಲಿಸಲಿಲ್ಲ. ಸೆಪ್ಟೆಂಬರ್ ೧೩ರಂದು ಸೊಲ್ಲಾಪುರದ ಕಡೆಯಿಂದ ಹೊರಟ ಭಾರತ ಸೈನ್ಯದ ಕಾರ್ಯಾಚರಣೆಯು ೧೭ರಂದು ನಿಜಾಮನ ಶರಣಾಗತಿಯಲ್ಲಿ ಮುಗಿಯಿತು.

ಮೂರನೆಯ ಪ್ರಶ್ನೆ, ಎಂದರೆ ಆಯುಧದ ಕೊನೆಯ ಬಳಕೆಯು, ಅತ್ಯಂತ ಕಠಿನವಾದುದು. ಆ ವರ್ಷ ನಮ್ಮ ಹಳ್ಳಿಗಳಲ್ಲಿ ಸರಕಾರದ ಪಡೆಯಾವುದು, ಖಾಸಗಿ ದಳವಾವುದು ಎಂಬ ಭೇದವೇ ಅಳಿಸಿಹೋಗಿತ್ತು. ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರಟಾ ಗ್ರಾಮದಲ್ಲಿ ರಜಾಕಾರರು ನಡೆಸಿದ ಕೊಲೆಗಳು ಇಂದಿಗೂ ಜನರ ನೆನಪಿನಲ್ಲಿವೆ. ಕಾರ್ಯಾಚರಣೆಯ ಬಳಿಕ ಮುಸಲ್ಮಾನರ ಮೇಲೆ ನಡೆದ ಹಿಂಸೆಯನ್ನು ವಿಚಾರಿಸಲು ಬಂದ ಪಂಡಿತ ಸುಂದರಲಾಲರ ಸಮಿತಿಯು, ಅತಿಯಾಗಿ ನೊಂದ ಜಿಲ್ಲೆಗಳೆಂದು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡಗಳನ್ನು ಹೆಸರಿಸಿತು. ಯಾವ ಹಳ್ಳಿಯಲ್ಲಿ ಯಾವ ಬಂದೂಕು ಎಲ್ಲಿಂದ ಬಂದುದೆಂದು ಲೆಕ್ಕವಿಟ್ಟವರಿಲ್ಲ. ಲೆಕ್ಕವಿಲ್ಲದ ಆಯುಧದ ಭಾರವನ್ನು ಹೊತ್ತವರು ಕೊಂಡವರೂ ಅಲ್ಲ, ಮಾರಿದವರೂ ಅಲ್ಲ. ಹೊಲಮನೆಗಳ ಸಾಮಾನ್ಯ ಜನರು.

ಈ ಘಟನೆಗಳನ್ನು ಅಭ್ಯಸಿಸುವವರು ಒಂದೇ ಗ್ರಂಥವನ್ನು ನಂಬತಕ್ಕದ್ದಲ್ಲ. ವಿ. ಪಿ. ಮೆನನ್ ೧೯೫೬ರಲ್ಲಿಯೂ ಕೆ. ಎಂ. ಮುನ್ಷಿ ೧೯೫೭ರಲ್ಲಿಯೂ ತಂತಮ್ಮ ಗ್ರಂಥಗಳನ್ನು ಪ್ರಕಟಿಸಿದರು. ಸಂಸ್ಥಾನದ ಪ್ರಧಾನಿಯಾಗಿದ್ದ ಮೀರ್ ಲಾಯಕ್ ಅಲಿಯ ಗ್ರಂಥವು ೧೯೬೨ರಲ್ಲಿ ಹೊರಬಂದಿತು. ಮೂವರೂ ಘಟನೆಗಳಲ್ಲಿ ಪಾತ್ರಧಾರಿಗಳಾಗಿದ್ದವರೇ. ಆದುದರಿಂದ ಒಬ್ಬರ ಮಾತನ್ನು ಇನ್ನೊಬ್ಬರ ಮಾತಿನೊಡನೆ ತೂಗಿ ನೋಡುವುದು ಅವಶ್ಯಕ.

೩. ಕೊಳ್ಳುವ ಭಾರತ

ಬಂದೂಕನ್ನು ವಿಮಾನದಲ್ಲಿ ಮರೆಮಾಡಬಹುದು, ಯುದ್ಧನೌಕೆಯನ್ನು ಮರೆಮಾಡಲಾಗದು. ನೌಕೆಗಳ ಮಾರಾಟದಲ್ಲಿ ಕಳ್ಳಸಾಗಣೆಗಿಂತ ಶರತ್ತುಗಳೇ ಹೆಚ್ಚಿನ ಚರ್ಚೆಗೆ ಬರುವುದು ಈ ಕಾರಣದಿಂದ. ಅಮೆರಿಕ ದೇಶದಲ್ಲಿ ೩,೦೦೦ ಟನ್ನಿಗಿಂತ ದೊಡ್ಡದಾದ ಅಥವಾ ೨೦ ವರ್ಷ ತುಂಬದ ನೌಕೆಯನ್ನು ಅನ್ಯರಾಷ್ಟ್ರಕ್ಕೆ ಕೊಡಬೇಕಾದರೆ ಅಲ್ಲಿಯ ಶಾಸನಸಭೆಯು ಕಾನೂನಿನ ಮೂಲಕ ಸಮ್ಮತಿಸಬೇಕು. ೧೯೭೬ರ ಆಯುಧ ರಫ್ತು ನಿಯಂತ್ರಣ ಕಾನೂನಿನಂತೆ ದೊಡ್ಡ ಮಾರಾಟಗಳನ್ನು ಶಾಸನಸಭೆಗೆ ಮುಂಚಿತವಾಗಿ ತಿಳಿಸುವುದೂ ಕಡ್ಡಾಯ.

ಭಾರತವು ಅಮೆರಿಕದಿಂದ ಕೊಂಡ ಟ್ರೆಂಟನ್ ಎಂಬ ನೌಕೆಯು ೨೦೦೭ರಲ್ಲಿ ‘ಜಲಾಶ್ವ’ವೆಂಬ ಹೆಸರಿನಿಂದ ನಮ್ಮ ನೌಕಾಪಡೆಯನ್ನು ಸೇರಿತು. ಅದನ್ನು ಆಕ್ರಮಣಕಾರ್ಯದಲ್ಲಿ ತೊಡಗಿಸುವುದಕ್ಕೆ ನಿರ್ಬಂಧವಿದೆಯೆಂಬುದನ್ನೂ, ಮಾರಿದ ಸರಕಾರಕ್ಕೆ ತಪಾಸಣೆಯ ಹಕ್ಕನ್ನು ಕೊಡಲಾಗಿದೆಯೆಂಬುದನ್ನೂ ೨೦೦೮ರಲ್ಲಿ ಭಾರತದ ಮಹಾಲೇಖಪಾಲರ ವರದಿಯು ಟೀಕಿಸಿತು. ಮಾರುವವನ ದೃಷ್ಟಿಯಲ್ಲಿ ಎಚ್ಚರಿಕೆಯೆನಿಸಿದುದು ಕೊಳ್ಳುವವನ ದೃಷ್ಟಿಯಲ್ಲಿ ಸಾರ್ವಭೌಮತ್ವಕ್ಕೆ ಕುಂದೆನಿಸಬಹುದು. ೧೯೪೮ರಲ್ಲಿ ಹೈದರಾಬಾದ್ ಸಾರ್ವಭೌಮತ್ವದ ಹೆಸರಿನಲ್ಲಿ ನಿಯಂತ್ರಣವನ್ನು ವಿರೋಧಿಸಿತ್ತು; ಆದರೆ ಅಂದಿನ ವಾದವನ್ನು ಪರೀಕ್ಷಿಸಲು ಪ್ರಜೆಗಳ ಪರವಾದ ಸಂಸ್ಥೆಯೊಂದೂ ಅಲ್ಲಿರಲಿಲ್ಲ. ಜಲಾಶ್ವದ ಸಂದರ್ಭದಲ್ಲಿ ಲೆಕ್ಕಪರಿಶೋಧಕರು ಬರೆದುದು ಸಂಸತ್ತಿನ ಮುಂದೆ ಬಂದು ಎಲ್ಲರೂ ಓದುವಂತಾಯಿತು. ಎರಡು ಪ್ರಸಂಗಗಳ ನಡುವಣ ಮುಖ್ಯ ವ್ಯತ್ಯಾಸ ಇದೇ ಎಂದು ನಮ್ಮ ಮತ.

ಬೀದರದ ಅದೇ ವಿಮಾನತಾಣವು ಈಗ ಭಾರತೀಯ ವಾಯುಪಡೆಯ ತರಬೇತಿ ಕೇಂದ್ರವಾಗಿದೆ. ೨೦೦೪ರ ಕರಾರಿನಂತೆ ಬ್ರಿಟನ್ನಿನಿಂದ ಕೊಂಡ, ಮತ್ತು ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸಿನಲ್ಲಿ ತಯಾರಾದ, ಹಾಕ್ ವಿಮಾನಗಳು ೨೦೦೮ರಿಂದ ಅಲ್ಲಿ ಹಾರುತ್ತಿವೆ. ಹಿಂದೆ ಕತ್ತಲೆಯ ವ್ಯವಹಾರಕ್ಕೆ ಎಡೆಯಾದ ನೆಲದಲ್ಲಿ ಇಂದು ಕರಾರುಪತ್ರವುಳ್ಳ ವ್ಯವಹಾರದ ಫಲವನ್ನು ಕಾಣುತ್ತೇವೆ.

೪. ಮಾರುವ ಭಾರತ

ಇತ್ತೀಚೆಗೆ ಭಾರತವು ಮಾರುವವರ ಸಾಲಿಗೂ ಸೇರಿದೆ. ಕಲಕತ್ತೆಯ ಗಾರ್ಡನ್ ರೀಚ್ ನೌಕಾಕಟ್ಟೆಯಲ್ಲಿ ನಿರ್ಮಿತವಾದ ‘ಬರಾಕುಡಾ’ ಎಂಬ ಸುಮಾರು ೧,೩೦೦ ಟನ್ನುಗಳ ಕಾವಲು ನೌಕೆಯು ೨೦೧೪ರ ಡಿಸೆಂಬರಿನಲ್ಲಿ ಮಾರಿಷಸ್ಸಿಗೆ ಸಂದಿತು. ನೌಕೆಗಳನ್ನು ಹೊಡೆಯುವ ಬ್ರಹ್ಮೋಸ್ ಕ್ಷಿಪಣಿಗಳಿಗಾಗಿ ಫಿಲಿಪೀನ್ಸ್ ೨೦೨೨ರ ಜನವರಿಯಲ್ಲಿ ಕರಾರು ಮಾಡಿಕೊಂಡಿತು. ಮೊದಲ ಕಂತು ೨೦೨೪ರ ಏಪ್ರಿಲಿನಲ್ಲಿ ತಲುಪಿತು.

ಇಂಥ ಮಾರಾಟಗಳ ಮೇಲಣ ನಿಯಂತ್ರಣಕ್ಕೆ ೧೯೯೨ರ ವಿದೇಶ ವ್ಯಾಪಾರ ಕಾನೂನು ಆಧಾರ. ೨೦೧೦ರಲ್ಲಿ ಅದನ್ನು ಈ ಉದ್ದೇಶಕ್ಕಾಗಿ ಬಲಪಡಿಸಲಾಯಿತು. ನಿಯಂತ್ರಿತ ವಸ್ತುಗಳ ಪಟ್ಟಿಯ ಆರನೆಯ ವರ್ಗದಲ್ಲಿ ಯುದ್ಧೋಪಕರಣಗಳು ಸೇರಿದ್ದು, ಅವುಗಳ ರಫ್ತಿಗೆ ರಕ್ಷಣಾ ಉತ್ಪಾದನಾ ಇಲಾಖೆಯ ಅನುಮತಿ ಬೇಕು. ಕೊಳ್ಳುವವನು ತಾನೇ ಅಂತಿಮ ಬಳಕೆದಾರನೆಂಬ ಪ್ರಮಾಣಪತ್ರವನ್ನೂ ಒದಗಿಸಬೇಕಾಗುತ್ತದೆ. ೨೦೧೭ರ ಡಿಸೆಂಬರಿನಲ್ಲಿ ಭಾರತವು ವಾಸೆನಾರ್ ಏರ್ಪಾಡಿನ ಸದಸ್ಯತ್ವ ಪಡೆಯಿತು. ಯುದ್ಧನೌಕೆಗಳನ್ನೂ ಒಳಗೊಳ್ಳುವ ವಿಶ್ವಸಂಸ್ಥೆಯ ಆಯುಧ ವ್ಯಾಪಾರ ಒಪ್ಪಂದದ ಮೇಲೆ ೨೦೧೩ರ ಏಪ್ರಿಲಿನಲ್ಲಿ ಮತದಾನವಾದಾಗ ಮಾತ್ರ, ರಫ್ತುದಾರರ ಮತ್ತು ಆಮದುದಾರರ ಹೊಣೆಗಳು ಸಮತೂಕವಾಗಿಲ್ಲವೆಂದು ಹೇಳಿ ಭಾರತ ತಟಸ್ಥವಾಗುಳಿಯಿತು.

ಈ ವ್ಯವಸ್ಥೆಯಲ್ಲಿ ನಮ್ಮ ಮೊದಲ ಮೂರು ಪ್ರಶ್ನೆಗಳಿಗೆ ಉತ್ತರವಿದೆ. ನಾಲ್ಕನೆಯದಕ್ಕೆ ಇರುವ ಉತ್ತರ ಅರೆಯಾದುದು. ಅನುಮತಿಯನ್ನು ಕೊಡುವುದು ಕಾರ್ಯಾಂಗ. ಪ್ರತಿಯೊಂದು ಮಾರಾಟಕ್ಕೂ ಸಂಸತ್ತಿನ ಪೂರ್ವಸಮ್ಮತಿ ಬೇಕೆಂಬ ನಿಯಮವಿಲ್ಲ. ಸದಸ್ಯರ ಪ್ರಶ್ನೆಗಳಿಂದಲೂ ಸಮಿತಿಗಳ ಪರಿಶೀಲನೆಯಿಂದಲೂ ಕೆಲಮಟ್ಟಿಗೆ ವಿಷಯ ಹೊರಬರುತ್ತದೆ. ಎಲ್ಲ ರಕ್ಷಣಾ ವ್ಯವಹಾರವನ್ನೂ ಬಯಲಿಗಿಡಬೇಕೆಂದು ನಾವು ಹೇಳುತ್ತಿಲ್ಲ, ಗೋಪ್ಯಕ್ಕೂ ಸಕಾರಣಗಳುಂಟು. ಆದರೆ ಕೊಳ್ಳುವಾಗ ಅನ್ಯರ ಶರತ್ತುಗಳನ್ನು ಪರೀಕ್ಷಿಸಿದ ರಾಷ್ಟ್ರವು, ಮಾರುವಾಗ ತನ್ನ ಆಯುಧವು ಯಾವ ಹಳ್ಳಿಯನ್ನು ತಲುಪೀತೆಂದು ತನ್ನ ಪ್ರತಿನಿಧಿಗಳ ಮುಂದೆ ಹೇಳಲು ಸಿದ್ಧವಿರಬೇಕೆಂಬುದು ನ್ಯಾಯವಾದ ನಿರೀಕ್ಷೆ.

ಹೈದರಾಬಾದಿನ ನಿದರ್ಶನದಿಂದ ತಿಳಿದುಬರುವುದು ಇಷ್ಟು. ಬಾಗಿಲನ್ನು ಕಾಯುವ ಬಲವೊಂದರಿಂದಲೇ ನಡೆಯುವ ನಿಯಂತ್ರಣವು, ಬಲ ಹಿಂದೆಗೆದೊಡನೆ ಇಲ್ಲದಂತಾಗುತ್ತದೆ. ದಾಖಲೆಯನ್ನಿಟ್ಟು, ಕೇಳಿದವರಿಗೆ ಉತ್ತರ ಕೊಡುವ ನಿಯಂತ್ರಣವು ಮಾತ್ರ ಆಳುವವರು ಬದಲಾದರೂ ಉಳಿಯುತ್ತದೆ. ಸೆಪ್ಟೆಂಬರ್ ೧೭ನ್ನು ಪ್ರತಿವರ್ಷ ಆಚರಿಸುವ ನಮ್ಮ ಭಾಗದ ಕಾಲೇಜುಗಳ ವಿದ್ಯಾರ್ಥಿಗಳು ಆ ದಿನದ ವಿಜಯವನ್ನು ನೆನೆಯುವುದರ ಜೊತೆಗೆ, ಆ ವರ್ಷದ ಲೆಕ್ಕವಿಲ್ಲದ ಬಂದೂಕುಗಳ ಕಥೆಯನ್ನೂ ತಮ್ಮ ಊರಿನ ಹಿರಿಯರಿಂದ ಕೇಳಿ ಬರೆದಿಡುವುದಾದರೆ, ಸ್ಥಳೀಯ ಇತಿಹಾಸಕ್ಕೆ ಬಹು ಉಪಕಾರವಾದೀತು.