ನವೆಗೆ ಕಾರಣ ಗಾಳಿಯಲ್ಲಿದ್ದಾಗ

ಕಚ್ಚಿದ ಗುರುತಾಗಲಿ ಗಾಯವಾಗಲಿ ಕಾಣದಿದ್ದರೂ ದಿನಗಟ್ಟಲೆ ಬಿಡದೆ ಕಾಡುವ ಮೈನವೆ ಮತ್ತು ಮೈಯುರಿ, ಮನುಷ್ಯನನ್ನು ವೈದ್ಯರ ಬಳಿಗೆ ಕರೆತರುವ ಮೊದಲು ಬಹಳ ಕಾಲ ಊಹೆಗಳಲ್ಲಿ ಅಲೆದಾಡಿಸುತ್ತವೆ. ಚಿತ್ರದುರ್ಗ ಜಿಲ್ಲೆಯ ಹಿರಿಯೂರು ತಾಲ್ಲೂಕಿನ ಆದಿವಾಲದಂತಹ ಊರುಗಳಲ್ಲಿ ಈ ಊಹೆಗಳು ಸಾಮಾನ್ಯವಾಗಿ ಎರಡು ಮಾತುಗಳಲ್ಲಿ ಬಂದು ನಿಲ್ಲುತ್ತವೆ: ಮೈ ಉಷ್ಣವಾಗಿದೆ, ಇಲ್ಲವೇ ನಂಜಾಗಿದೆ. ಉಷ್ಣವೆಂದವರು ಮಜ್ಜಿಗೆ, ಎಳನೀರು, ತಲೆಗೆ ಹರಳೆಣ್ಣೆಯ ಮೊರೆ ಹೋಗುತ್ತಾರೆ. ನಂಜೆಂದವರು ಬದನೆಕಾಯಿ, ಕಡಲೆಕಾಯಿ ಬಿಟ್ಟು ಪಥ್ಯ ಹಿಡಿಯುತ್ತಾರೆ. ಎರಡೂ ಕಾರಣವನ್ನು ದೇಹದ ಒಳಗೆ, ಉಣ್ಣುವ ತಟ್ಟೆಯಲ್ಲಿ ಹುಡುಕುವ ವಿಧಾನಗಳು. ಆದರೆ ಬಯಲುಸೀಮೆಯ ಈ ಭಾಗದಲ್ಲಿ ಮೊದಲಿಗೇ ಪರಿಗಣಿಸಬೇಕಾದ ಒಂದು ಕಾರಣ ಹೊಲದ ಬದುವಿನಲ್ಲಿ, ರಸ್ತೆಯ ಅಂಚಿನಲ್ಲಿ ಬೆಳೆದು, ಒಣಗಿ, ಪುಡಿಯಾಗಿ ಗಾಳಿಯಲ್ಲಿ ತೇಲುತ್ತಿರುತ್ತದೆ. ಅದು ಪಾರ್ಥೇನಿಯಂ, ಊರ ಮಾತಿನ ಕಾಂಗ್ರೆಸ್ ಗಿಡ.

ನವೆ ಮತ್ತು ಉರಿ ಒಂದೇ ಅನುಭವದ ಎರಡು ಹೆಸರುಗಳಲ್ಲ. ಕೆರೆದುಕೊಳ್ಳುವ ಬಯಕೆಯನ್ನು ಹುಟ್ಟಿಸುವ ಅಹಿತಕರ ಸಂವೇದನೆಯೇ ನವೆ ಎಂದು ಜರ್ಮನಿಯ ವೈದ್ಯ ಸ್ಯಾಮುಯೆಲ್ ಹಾಫೆನ್‌ರೆಫರ್ 1660ರಲ್ಲಿ ನೀಡಿದ ವ್ಯಾಖ್ಯೆ ಇಂದಿಗೂ ಬಳಕೆಯಲ್ಲಿದೆ. ನೋವು ಕೈಯನ್ನು ಹಿಂದೆಗೆಯುವಂತೆ ಮಾಡಿದರೆ ನವೆ ಕೈಯನ್ನು ಅಲ್ಲಿಗೇ ಕರೆಯುತ್ತದೆ. ನವೆಯೆಂದರೆ ಸೌಮ್ಯವಾದ ನೋವಷ್ಟೆ ಎಂಬ ನಂಬಿಕೆ ಬಹುಕಾಲ ಇತ್ತಾದರೂ, ಮನುಷ್ಯರ ಚರ್ಮದಿಂದ ನವೆಯ ಸುದ್ದಿಯನ್ನು ಮೆದುಳಿನ ಕಡೆಗೆ ಒಯ್ಯುವ ಅತಿ ತೆಳುವಾದ ನರತಂತುಗಳನ್ನು ವಿಜ್ಞಾನಿಗಳು 1997ರಲ್ಲಿ ಬೇರೆಯಾಗಿಯೇ ಗುರುತಿಸಿದರು. ಅದೇ ವರ್ಷ ಅಮೆರಿಕದ ಡೇವಿಡ್ ಜೂಲಿಯಸ್ ಮತ್ತು ಅವರ ಸಂಗಡಿಗರು, ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್ ಹಾಗೂ ಸುಡುವ ಶಾಖ ಎರಡಕ್ಕೂ ತೆರೆದುಕೊಳ್ಳುವ ನರತುದಿಯ ಬಾಗಿಲೊಂದನ್ನು ಪತ್ತೆ ಮಾಡಿದರು. ಈ ದಿಕ್ಕಿನ ಸಂಶೋಧನೆಗೆ 2021ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಂದಿತು. ಒಣಮೆಣಸಿನಕಾಯಿ ಬಿಡಿಸಿದ ಕೈ, ಬೆಂಕಿಯನ್ನು ಮುಟ್ಟದಿದ್ದರೂ, ಸುಟ್ಟಂತೆ ಉರಿಯುವುದು ಈ ಬಾಗಿಲಿನಿಂದಲೇ.

ನವೆಯಲ್ಲಿಯೂ ಒಂದಕ್ಕಿಂತ ಹೆಚ್ಚು ದಾರಿಗಳಿವೆ ಎಂಬುದಕ್ಕೆ ಬೇಲಿಯ ಮೇಲೆ ಹಬ್ಬುವ ನಸುಗುನ್ನಿ ಬಳ್ಳಿಯೇ ಸಾಕ್ಷಿ. ಅದರ ಕಾಯಿಯ ಮೇಲಿನ ಸುಂಕು ತಗುಲಿದಾಗ ಬರುವ ಭಯಂಕರ ತುರಿಕೆಗೆ ಮ್ಯುಕುನೇನ್ ಎಂಬ, ಪ್ರೋಟೀನನ್ನು ಕತ್ತರಿಸುವ ಕಿಣ್ವ ಕಾರಣ. ಅಲರ್ಜಿಯಲ್ಲಿ ಚರ್ಮದ ಕೋಶಗಳು ಸುರಿಸುವ ಹಿಸ್ಟಮಿನ್ ಎಂಬ ರಾಸಾಯನಿಕಕ್ಕೆ ಇಲ್ಲಿ ಮುಖ್ಯ ಪಾತ್ರವಿಲ್ಲ. ಅಂಗಡಿಯಲ್ಲಿ ಸಿಗುವ ಅಲರ್ಜಿ ಮಾತ್ರೆಗಳು ತಡೆಯುವುದು ಹಿಸ್ಟಮಿನ್‌ನ ಕೆಲಸವನ್ನು ಮಾತ್ರ. ಆದ್ದರಿಂದ ಮಾತ್ರೆ ನುಂಗಿದರೂ ನವೆ ಇಳಿಯಲಿಲ್ಲವೆಂದರೆ ಕಾಯಿಲೆ ಅಸಾಧ್ಯವೆಂದಾಗಲಿ, ಶಾಪವೆಂದಾಗಲಿ ತಿಳಿಯಬೇಕಿಲ್ಲ. ಆ ನವೆಯ ದಾರಿ ಬೇರೆ ಎಂದಷ್ಟೇ ಅದರ ಅರ್ಥ. ಕಾಂಗ್ರೆಸ್ ಗಿಡದಿಂದ ಬರುವ ನವೆಯೂ ಬಹುಪಾಲು ಈ ಬಗೆಯದು.

ಉಷ್ಣ ಅಮೆರಿಕದ ಮೂಲದ ಈ ಗಿಡ ಭಾರತದಲ್ಲಿ ಎಲ್ಲರ ಗಮನಕ್ಕೆ ಬಂದದ್ದು 1950ರ ದಶಕದ ಮಧ್ಯದಲ್ಲಿ, ಪುಣೆಯಲ್ಲಿ. ಹೊರದೇಶದಿಂದ ತರಿಸಿದ ಗೋಧಿಯ ಜೊತೆ ಬೀಜ ಬಂದಿರಬೇಕೆಂಬುದು ಪ್ರಚಲಿತ ವಿವರಣೆ. ಆದಿವಾಲವನ್ನು ಹಾದುಹೋಗುವುದೂ ಬೆಂಗಳೂರು–ಪುಣೆ ಹೆದ್ದಾರಿಯೇ. ವಾಹನದ ಚಕ್ರಕ್ಕೆ ಅಂಟಿದ ಮಣ್ಣಿನಲ್ಲಿ, ಗೊಬ್ಬರದಲ್ಲಿ, ಹರಿಯುವ ನೀರಿನಲ್ಲಿ ಸಾಗುವ ಬೀಜಕ್ಕೆ ರಸ್ತೆಯ ಅಂಚಿಗಿಂತ ಅನುಕೂಲದ ತಾಣವಿಲ್ಲ. ಒಂದೊಂದು ಗಿಡ ಹತ್ತು ಸಾವಿರಕ್ಕೂ ಮೇಲ್ಪಟ್ಟು ಬೀಜ ಬಿಡುವುದುಂಟು. ಒಂದೆರಡು ಹದ ಮಳೆಯಾದರೆ ಸಾಕು, ಬೀಳುಬಿಟ್ಟ ಹೊಲದಲ್ಲಿ ಮೊಳೆತು ತಿಂಗಳೊಪ್ಪತ್ತಿನಲ್ಲಿ ಬಿಳಿಯ ಹೂ ತಳೆಯುತ್ತದೆ. ವಾಣಿವಿಲಾಸ ಸಾಗರದ ನೀರು ಹರಿಯುವ ನಾಲೆಗಳ ದಂಡೆಯಲ್ಲಾದರೋ ಮಳೆಯ ಹಂಗೂ ಅದಕ್ಕಿಲ್ಲ.

ಗಿಡದ ಎಲೆ, ಕಾಂಡ, ಹೂಗಳ ಮೇಲಿನ ಸೂಕ್ಷ್ಮ ರೋಮಗಳಲ್ಲಿ ಪಾರ್ಥೇನಿನ್ ಎಂಬ ರಾಸಾಯನಿಕವಿದೆ. ಇದು ಚರ್ಮದ ಪ್ರೋಟೀನುಗಳೊಡನೆ ಬೆಸೆದುಕೊಂಡಾಗ ದೇಹದ ರಕ್ಷಣಾ ವ್ಯವಸ್ಥೆ ಅದನ್ನು ಹೊರಗಿನ ಶತ್ರುವೆಂದು ಭಾವಿಸಿ, ಟಿ ಕೋಶಗಳೆಂಬ ಬಿಳಿ ರಕ್ತಕೋಶಗಳಲ್ಲಿ ಅದರ ನೆನಪನ್ನು ಉಳಿಸಿಕೊಳ್ಳುತ್ತದೆ. ಈ ನೆನಪು ಒಂದು ದಿನದಲ್ಲಿ ಮೂಡುವಂಥದಲ್ಲ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಗಿಡದ ನಡುವೆ ಓಡಾಡಿದ ಮೇಲೆಯೇ ಕೆಲವರ ದೇಹ ಅದಕ್ಕೆ ಮುನಿಯುತ್ತದೆ. ಇನ್ನು ಅನೇಕರಿಗೆ ಜೀವನಪೂರ್ತಿ ಏನೂ ಆಗುವುದಿಲ್ಲ. ಒಮ್ಮೆ ಮುನಿದ ದೇಹದಲ್ಲಿಯೂ ಗಿಡ ಸೋಕಿದ ಕೂಡಲೇ ನವೆ ಏಳದೆ ಒಂದೆರಡು ದಿನ ಕಳೆದು ಏಳುತ್ತದೆ. ಇದನ್ನು ವಿಳಂಬಿತ ಅತಿಸಂವೇದನೆ ಎನ್ನುತ್ತಾರೆ. ರೋಗಿಯ ಗೊಂದಲದ ಮೂಲ ಇಲ್ಲಿಯೇ ಇದೆ. ಇಪ್ಪತ್ತು ವರ್ಷ ಇದೇ ಗಿಡವನ್ನು ಬರಿಗೈಯಲ್ಲಿ ಕಿತ್ತವನಿಗೆ ಈಗ ಅದೇ ಗಿಡದಿಂದ ನವೆ ಎಂದರೆ ನಂಬಿಕೆ ಹುಟ್ಟುವುದಿಲ್ಲ; ಸೋಮವಾರ ಕಳೆ ಕಿತ್ತದ್ದಕ್ಕೂ ಬುಧವಾರ ಕೆರೆತ ಎದ್ದದ್ದಕ್ಕೂ ಸಂಬಂಧ ತೋರದೆ ಮಂಗಳವಾರ ಉಂಡ ಬದನೆಕಾಯಿ ಅಪರಾಧಿಯಾಗುತ್ತದೆ. ಗಿಡವನ್ನು ಮುಟ್ಟದೆಯೂ ನವೆ ಬರುವುದು ಮೂರನೆಯ ತೊಡಕು. ಒಣಗಿದ ಗಿಡದ ಪುಡಿ ಗಾಳಿಯಲ್ಲಿ ಹಾರಿ ಬಂದು ಬೆವೆತ ಚರ್ಮದ ಮೇಲೆ ಕೂರುವುದರಿಂದ, ಹೊಲಕ್ಕೆ ಕಾಲಿಡದೆ ಮನೆಯ ಜಗಲಿಯಲ್ಲಿ ಕೂತವರಿಗೂ ಕಾಯಿಲೆ ಬರಬಹುದು.

ಆದರೂ ಈ ಕಾಯಿಲೆ ತನ್ನ ಗುರುತನ್ನು ಮೈಮೇಲೆ ಸ್ಪಷ್ಟವಾಗಿಯೇ ಬರೆದಿಡುತ್ತದೆ. ಕಣ್ಣಿನ ರೆಪ್ಪೆ, ಕುತ್ತಿಗೆಯ ಸುತ್ತ, ಮೊಣಕೈಯ ಒಳಮಡಿಕೆ, ಮಂಡಿಯ ಹಿಂಭಾಗ ಮೊದಲಿಗೆ ಕೆಂಪಾಗಿ, ಉರಿದು, ನವೆಯೇಳುತ್ತವೆ, ಏಕೆಂದರೆ ಪುಡಿ ಮತ್ತು ಬೆವರು ಸೇರಿ ನಿಲ್ಲುವುದು ಅಲ್ಲಿಯೇ. ಬಿಸಿಲಿನಿಂದ ಬರುವ ಅಲರ್ಜಿಯೂ ಮುಖ, ಕುತ್ತಿಗೆಗಳನ್ನೇ ಹಿಡಿಯುತ್ತದಾದರೂ, ಬಿಸಿಲು ತಾಗದ ಗಲ್ಲದ ಕೆಳಭಾಗ, ಕಿವಿಯ ಹಿಂಭಾಗ, ಮೇಲಿನ ರೆಪ್ಪೆಗಳನ್ನು ಅದು ಸಾಮಾನ್ಯವಾಗಿ ಬಿಟ್ಟುಬಿಡುತ್ತದೆ. ಗಾಳಿಯ ಪುಡಿಗೆ ಅಂಥ ರಿಯಾಯಿತಿ ಗೊತ್ತಿಲ್ಲ. ಆರಂಭದ ವರ್ಷಗಳಲ್ಲಿ ಗಿಡ ಹುಲುಸಾಗಿರುವ ಕಾಲದಲ್ಲಿ ನವೆ ಏರಿ, ಗಿಡ ಕಡಿಮೆಯಾದಾಗ ಇಳಿಯುವುದು ಇನ್ನೊಂದು ಸುಳಿವು. ಕಡೆಗಣಿಸಿದರೆ ಈ ಏರಿಳಿತವೂ ಅಳಿದು, ಚರ್ಮ ದಪ್ಪವಾಗಿ, ಕಪ್ಪಿಟ್ಟು, ಬಿಸಿಲನ್ನೇ ಸಹಿಸದ ಸ್ಥಿತಿಗೆ ಬರುವುದುಂಟು. ಕಾಂಗ್ರೆಸ್ ಗಿಡದ ಕುಟುಂಬಕ್ಕೇ ಸೇರಿದ ಸೇವಂತಿಗೆ, ಸೂರ್ಯಕಾಂತಿಗಳಲ್ಲಿಯೂ ಹೋಲುವ ರಾಸಾಯನಿಕಗಳಿರುವುದರಿಂದ ಕೆಲವರಿಗೆ ಆ ಬೆಳೆಗಳೂ ಆಗಿಬರುವುದಿಲ್ಲ. ಹೂವಿನ ತೋಟವನ್ನೇ ನಂಬಿದ ರೈತನಿಗೆ ಇದು ಚರ್ಮದ ತೊಂದರೆಯಷ್ಟೇ ಅಲ್ಲ, ಜೀವನೋಪಾಯದ ಪ್ರಶ್ನೆ. ಹೀಗಿರುವಾಗ ಇದನ್ನು ಬರೀ ಕೆರೆತವೆಂದು ತಳ್ಳಿಹಾಕುವುದು ಅನ್ಯಾಯ.

ಎಲ್ಲ ನವೆಯೂ ಕಾಂಗ್ರೆಸ್ ಗಿಡದ್ದಲ್ಲ. ರಾತ್ರಿ ಹೆಚ್ಚಾಗಿ, ಬೆರಳ ಸಂದಿಗಳಲ್ಲಿ ಕಂಡು, ಮನೆಮಂದಿಗೆಲ್ಲ ಹರಡಿದರೆ ಚರ್ಮದೊಳಗೆ ಬಿಲ ಕೊರೆಯುವ ಹುಳದಿಂದಾಗುವ ಕಜ್ಜಿ ಇರಬಹುದು. ದೇಹದ ಒಂದೇ ಮಗ್ಗುಲಲ್ಲಿ ಪಟ್ಟಿಯಂತೆ ಉರಿ ಎದ್ದು ಕೆಲವು ದಿನಗಳಲ್ಲಿ ನೀರುಗುಳ್ಳೆ ಮೂಡಿದರೆ ಅದು ಸರ್ಪಸುತ್ತು. ಹಳೆಯ ಸೀತಾಳೆ ಸಿಡುಬಿನ ವೈರಸ್ ನರದಲ್ಲಿ ಅಡಗಿದ್ದು ಮತ್ತೆ ಎದ್ದದ್ದರ ಫಲವಾದ ಇದಕ್ಕೆ ಕೆಮ್ಮಣ್ಣು ಹಚ್ಚಿಸಿಕೊಂಡು ಕಾಯುವುದರಲ್ಲಿ ಅಮೂಲ್ಯ ಸಮಯ ಕಳೆಯುತ್ತದೆ, ಏಕೆಂದರೆ ಔಷಧಿ ಹೆಚ್ಚು ಫಲಿಸುವುದು ಗುಳ್ಳೆ ಎದ್ದ 72 ಗಂಟೆಗಳೊಳಗೆ. ಅಂಗಾಲಿನ ಉರಿಗೆ ಸಕ್ಕರೆ ಕಾಯಿಲೆ ಅಥವಾ ಬಿ12 ಜೀವಸತ್ವದ ಕೊರತೆ ಕಾರಣವಿರಬಹುದು. ಚರ್ಮದಲ್ಲಿ ಏನೂ ಕಾಣದೆ ಮೈಯೆಲ್ಲ ವಾರಗಟ್ಟಲೆ ತುರಿಸಿದರೆ ಪಿತ್ತಜನಕಾಂಗ, ಮೂತ್ರಪಿಂಡ, ಥೈರಾಯ್ಡ್, ರಕ್ತದ ಕಬ್ಬಿಣಾಂಶಗಳ ಪರೀಕ್ಷೆ ಅಗತ್ಯ. ಕಣ್ಣು ಹಳದಿಯಾಗುವುದು, ತೂಕ ಇಳಿಯುವುದು, ಉಸಿರಾಟಕ್ಕೆ ತೊಂದರೆಯಾಗುವುದು ಕಂಡರೆ ಊಹೆಗೆ ಎಡೆಯೇ ಇಲ್ಲ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ವೈದ್ಯರನ್ನು ಕಾಣುವ ಮೊದಲು ನಡೆಯುವ ತಪ್ಪುಗಳಲ್ಲಿ ಅತ್ಯಂತ ಹಾನಿಕರವಾದದ್ದು ಚೀಟಿಯಿಲ್ಲದೆ ಮೆಡಿಕಲ್ ಅಂಗಡಿಯಲ್ಲಿ ಕೊಳ್ಳುವ ಸ್ಟೀರಾಯ್ಡ್ ಬೆರೆತ ಮುಲಾಮು. ಅದು ಎರಡು ದಿನದಲ್ಲಿ ನವೆಯನ್ನು ಅಡಗಿಸುವುದು ನಿಜ. ಆದರೆ ತೊಂದರೆ ಹುಳುಕಡ್ಡಿಯಾಗಿದ್ದರೆ ಶಿಲೀಂಧ್ರ ಒಳಗೊಳಗೇ ಹಬ್ಬಿ ತನ್ನ ದುಂಡನೆಯ ಗುರುತನ್ನೇ ಕಳೆದುಕೊಳ್ಳುತ್ತದೆ, ಪರಿಣತ ಕಣ್ಣಿಗೂ ಕಾಯಿಲೆ ತಿಳಿಯದಂತಾಗುತ್ತದೆ. ಮುಖಕ್ಕೆ ಬಹುಕಾಲ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಇಂತಹ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಬಿಗಿಗೊಳಿಸಿದ್ದು ಈ ಕಾರಣಕ್ಕೇ.

ಕಾಂಗ್ರೆಸ್ ಗಿಡದ ಅಲರ್ಜಿಯನ್ನು ಖಚಿತಪಡಿಸಲು ಚರ್ಮರೋಗ ತಜ್ಞರು ಪ್ಯಾಚ್ ಪರೀಕ್ಷೆ ನಡೆಸುತ್ತಾರೆ: ಗಿಡದ ಸಾರವನ್ನು ಬೆನ್ನಿಗೆ ಪಟ್ಟಿಯಲ್ಲಿ ಅಂಟಿಸಿ, 48 ಗಂಟೆಗಳ ಬಳಿಕ ತೆಗೆದು, ಆಗಲೂ ಅದರ ಮುಂದಿನ ದಿನಗಳಲ್ಲೂ ಚರ್ಮ ಕೆಂಪಾಗಿದೆಯೇ ಎಂದು ನೋಡುತ್ತಾರೆ. ತೀವ್ರವಾದ ಕಾಯಿಲೆಗೆ ಅಜಥಯೋಪ್ರಿನ್‌ನಂತಹ ಔಷಧಿಗಳನ್ನು ರಕ್ತಪರೀಕ್ಷೆಯ ನಿಗಾದಲ್ಲಿ ಕೊಡುವುದುಂಟು. ಗಿಡವನ್ನೇ ಹತೋಟಿಗೆ ತರಲು ಮೆಕ್ಸಿಕೋದಿಂದ ತರಿಸಿದ, ಇದರ ಎಲೆಯನ್ನು ತಿಂದು ಬದುಕುವ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಮಳೆಗಾಲದಲ್ಲಿ ಅದು ಎಲೆಗಳನ್ನು ಜರಡಿಯಂತೆ ಮಾಡುವುದಾದರೂ ಒಣ ತಿಂಗಳುಗಳಲ್ಲಿ ಮಣ್ಣಿನೊಳಗೆ ಅಡಗಿ ಮಲಗುವುದರಿಂದ, ಒಣಹವೆಯೇ ಹೆಚ್ಚಾಗಿರುವ ಹಿರಿಯೂರಿನ ಸೀಮೆಯಲ್ಲಿ ಕೀಟವೊಂದನ್ನೇ ನೆಚ್ಚಿ ಕೂರುವಂತಿಲ್ಲ.

ನವೆ ಮೊದಲು ಎಲ್ಲಿ ಎದ್ದಿತು, ಯಾವ ತಿಂಗಳಲ್ಲಿ ಏರುತ್ತದೆ, ಅದಕ್ಕೆ ಎರಡು ದಿನ ಹಿಂದೆ ಯಾವ ಕೆಲಸ ನಡೆದಿತ್ತು, ಮನೆಯಲ್ಲಿ ಬೇರೆ ಯಾರಿಗಿದೆ, ಏನೇನು ಹಚ್ಚಿ ನುಂಗಿ ಆಗಿದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು, ಹಚ್ಚಿದ ಮುಲಾಮಿನ ಕೊಳವೆಯ ಸಮೇತ ತಾಲ್ಲೂಕು ಆಸ್ಪತ್ರೆಗೆ ಒಯ್ದರೆ ವೈದ್ಯರ ಅರ್ಧ ಕೆಲಸ ಹಗುರವಾಗುತ್ತದೆ. ಈಗಾಗಲೇ ನವೆ ಬಂದವರು ಗಿಡ ಕೀಳುವ ಕೆಲಸಕ್ಕೆ ಕೈಹಾಕಬಾರದು. ಉಳಿದವರು ಕೈಗವಸು ತೊಟ್ಟು, ಮೂಗು ಬಾಯಿಗೆ ಬಟ್ಟೆ ಕಟ್ಟಿ, ನೆಲ ಹಸಿಯಾಗಿರುವಾಗಲೇ, ಹೂ ಬಿಡುವ ಮೊದಲೇ ಅದನ್ನು ಬೇರುಸಮೇತ ಕಿತ್ತುಹಾಕಬೇಕು.