ಮ್ಹಾದೇಯಿ ಮತ್ತು ತುರೀಯ: ಎರಡು ಹಾಯಿದೋಣಿಗಳ ವಿಜ್ಞಾನ

ಕರ್ನಾಟಕದ ಮಹದಾಯಿ ನದಿ ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡಿನಲ್ಲಿ ಹುಟ್ಟಿ, ಗೋವೆಯಲ್ಲಿ ಮಾಂಡೋವಿ ಎನಿಸಿಕೊಂಡು ಪಶ್ಚಿಮದ ಕಡಲಿಗೆ ಇಳಿಯುತ್ತದೆ. ಈ ನದಿಯ ಹೆಸರು ಹೊತ್ತ ಭಾರತೀಯ ನೌಕಾಪಡೆಯ ಹಾಯಿದೋಣಿ ‘ಮ್ಹಾದೇಯಿ’ ಭೂಮಿಯನ್ನೇ ಸುತ್ತಿ ಬಂದಿದೆ. ಅದನ್ನು ಕಟ್ಟಿದ ಗೋವೆಯ ಅಕ್ವೇರಿಯಸ್ ಶಿಪ್‌ಯಾರ್ಡ್‌ನಲ್ಲೇ ಮುಂದೆ ‘ತುರೀಯ’ ಎಂಬ ಇನ್ನೊಂದು ದೋಣಿಯೂ ತಯಾರಾಯಿತು. ನಾವಿಕ ಅಭಿಲಾಷ್ ಟೋಮಿ ಈ ಎರಡನ್ನೂ ಒಬ್ಬರೇ ನಡೆಸಿದವರು. ಹಾಯಿದೋಣಿಯ ವಿಜ್ಞಾನ ತಿಳಿಯಲು ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದಿಲ್ಲ.

ಮೊದಲು, ಹಾಯಿದೋಣಿ ಗಾಳಿ ಹೋದತ್ತಲೇ ಹೋಗಬೇಕಾಗಿಲ್ಲ. ಎದುರುಗಾಳಿಗೂ ಸುಮಾರು 45 ಡಿಗ್ರಿ ಓರೆಯಾಗಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹೊರಳುತ್ತ ಅದು ಮುಂದೆ ಸಾಗಬಲ್ಲದು. ಇದರ ಗುಟ್ಟು ನೀರಿನೊಳಗಿದೆ. ದೋಣಿಯ ಅಡಿಯಲ್ಲಿ ಕೆಳಕ್ಕಿಳಿದಿರುವ ತೂಕದ ಹಲಗೆಯಂಥ ಭಾಗಕ್ಕೆ ಕೀಲ್ ಎನ್ನುತ್ತಾರೆ. ಒದ್ದೆ ಹುಣಸೆಬೀಜವನ್ನು ಎರಡು ಬೆರಳ ನಡುವೆ ಒತ್ತಿದರೆ ಒತ್ತಡ ಅಡ್ಡಲಾಗಿದ್ದರೂ ಬೀಜ ಮುಂದಕ್ಕೆ ಚಿಮ್ಮುತ್ತದಲ್ಲ, ಹಾಗೆ ಹಾಯಿಯ ಮೇಲಿನ ಗಾಳಿ ಮತ್ತು ಕೀಲ್ ಮೇಲಿನ ನೀರು ಎರಡು ಕಡೆಯಿಂದ ಒತ್ತಿದಾಗ ದೋಣಿ ಮುಂದಕ್ಕೆ ಜಾರುತ್ತದೆ. ಗಾಳಿ ದೋಣಿಯನ್ನು ವಾಲಿಸಿದರೆ ಮತ್ತೆ ನೆಟ್ಟಗೆ ಎತ್ತುವುದೂ ಕೀಲ್‌ನ ತೂಕವೇ.

ಇನ್ನು ಎರಡರ ಹೋಲಿಕೆಗೆ ಬರೋಣ. 2009ರಲ್ಲಿ ನೌಕಾಪಡೆ ಸೇರಿದ ಮ್ಹಾದೇಯಿ 56 ಅಡಿ ಉದ್ದದ್ದು. ಮರದ ತಿರುಳಿಗೆ ಫೈಬರ್‌ಗ್ಲಾಸ್ ಹೊದಿಸಿದ ಒಡಲು. ಕಿರಿದಾಗಿ ಆಳಕ್ಕಿಳಿದ ಕೀಲ್. ಅದರಿಂದ ದೂರ, ಹಿಂತುದಿಯಲ್ಲಿ ಚುಕ್ಕಾಣಿ. ಅದೇ ವಿನ್ಯಾಸದ, ನೌಕಾಪಡೆಯ ಇನ್ನೊಂದು ದೋಣಿ ‘ತಾರಿಣಿ’ಯ ಹಾಯಿಗಂಬದ ಎತ್ತರ 25 ಮೀಟರ್ ಎಂದರೆ ಗಾತ್ರ ಊಹಿಸಬಹುದು. ತುರೀಯ 32 ಅಡಿಯದು. 1968–69ರಲ್ಲಿ ಎಲ್ಲಿಯೂ ನಿಲ್ಲದೆ ಒಂಟಿಯಾಗಿ ಭೂಮಿ ಸುತ್ತಿದ ಮೊದಲಿಗ ರಾಬಿನ್ ನಾಕ್ಸ್-ಜಾನ್ಸ್‌ಟನ್ ಅವರ ‘ಸುಹೇಲಿ’ಯ ಪ್ರತಿರೂಪ ಅದು. ಸುಹೇಲಿಯನ್ನು ಕಟ್ಟಿದ್ದು ಮುಂಬೈಯಲ್ಲಿ, ತೇಗದ ಮರದಿಂದ. ಈ ಬಗೆಯ ದೋಣಿಯಲ್ಲಿ ಕೀಲ್ ಒಡಲಿನ ಉದ್ದಕ್ಕೂ ಹಬ್ಬಿರುತ್ತದೆ. ಚುಕ್ಕಾಣಿ ಅದರ ಹಿಂದಂಚಿಗೇ ಅಂಟಿಕೊಂಡಿರುತ್ತದೆ.

ವೇಗ ಉದ್ದವನ್ನು ಅವಲಂಬಿಸಿದೆ. ಸಾಗುವ ದೋಣಿ ತನ್ನದೇ ಅಲೆಯನ್ನು ಎಬ್ಬಿಸುತ್ತದೆ. ವೇಗ ಹೆಚ್ಚಿದಂತೆ ಆ ಅಲೆ ಉದ್ದವಾಗುತ್ತ, ಕೊನೆಗೆ ಮೂತಿಯಲ್ಲೊಂದು ಉಬ್ಬು, ಹಿಂತುದಿಯಲ್ಲೊಂದು ಉಬ್ಬು ಎದ್ದು ದೋಣಿ ನಡುವಿನ ತಗ್ಗಿನಲ್ಲಿ ಸಿಕ್ಕಿಕೊಳ್ಳುತ್ತದೆ. ಭಾರದ ದೋಣಿಗೆ ಅದೇ ಮಿತಿ. ನೀರಿಗೆ ತಾಗುವ ಉದ್ದದ (ಅಡಿಗಳಲ್ಲಿ) ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಆ ಮಿತಿ ಕಡಲ ವೇಗದ ಅಳತೆಯಾದ ನಾಟ್‌ಗಳಲ್ಲಿ ಸಿಗುತ್ತದೆ: 25 ಅಡಿಗೆ 6.7, 49 ಅಡಿಗೆ 9.4. ಟೋಮಿ 2012–13ರಲ್ಲಿ ಮ್ಹಾದೇಯಿಯಲ್ಲಿ ಮುಂಬೈಯಿಂದ ಮುಂಬೈಗೆ ನಿಲ್ಲದೆ ಸುತ್ತಿ ಬರಲು ಸುಮಾರು 150 ದಿನ ಹಿಡಿಯಿತು. ಸುಹೇಲಿ ಇಂಗ್ಲೆಂಡಿನಿಂದ ಹೊರಟು ಮರಳಲು ತೆಗೆದುಕೊಂಡದ್ದು 312 ದಿನ. ದಾರಿ, ಕಾಲ ಬೇರೆಯಾದರೂ ಉದ್ದದ ಲಾಭ ಇದರಲ್ಲಿ ಕಾಣುತ್ತದೆ.

ಉದ್ದವಾದ ಕೀಲ್‌ಗೆ ಅದರದೇ ಗುಣವಿದೆ. ಅದು ದೋಣಿಯನ್ನು ಹಿಡಿದ ದಾರಿಯಲ್ಲೇ ಇರಿಸುತ್ತದೆ. ಗಾಳಿಯ ದಿಕ್ಕು ನೋಡಿ ಚುಕ್ಕಾಣಿ ತಿರುಗಿಸುವ ಸರಳ ಯಂತ್ರವೊಂದಿದ್ದರೆ, ಒಂಟಿ ನಾವಿಕ ನೆಮ್ಮದಿಯಾಗಿ ಒಂದು ನಿದ್ದೆ ತೆಗೆಯಬಹುದು. ಚುಕ್ಕಾಣಿಗೂ ಕೀಲ್‌ನ ರಕ್ಷಣೆ ಇರುತ್ತದೆ. ತುರೀಯದಂಥ ಸಣ್ಣ ದೋಣಿಯ ಹಾಯಿ ಚಿಕ್ಕದಾದ್ದರಿಂದ ಎಳೆಯುವ ಹಗ್ಗದ ಭಾರವೂ ಕಡಿಮೆ. ಆದರೆ ಇಂಥ ದೋಣಿ ನಿಧಾನಕ್ಕೆ ತಿರುಗುತ್ತದೆ. ನೀರಿಗೆ ಉಜ್ಜಿಕೊಳ್ಳುವ ಮೈ ಹೆಚ್ಚಾದ್ದರಿಂದ ಮೆಲುಗಾಳಿಯಲ್ಲಿ ಹಿಂದೆ ಬೀಳುತ್ತದೆ.

ಬಿರುಗಾಳಿಯಲ್ಲಿ ಗಾತ್ರದ ಬೆಲೆ ತಿಳಿಯುತ್ತದೆ. 1979ರ ಫಾಸ್ಟ್‌ನೆಟ್ ಹಾಯಿದೋಣಿ ಪಂದ್ಯದ ದುರಂತದ ನಂತರ ಬ್ರಿಟನ್ನಿನಲ್ಲಿ ನಡೆದ ಮಾದರಿ ಪರೀಕ್ಷೆಗಳು ಒಂದು ಸಂಗತಿ ತೋರಿಸಿದವು: ಮಗ್ಗುಲಿಗೆ ಮುರಿದು ಬೀಳುವ ಅಲೆಯ ಎತ್ತರ ದೋಣಿಯ ಉದ್ದದ ಸುಮಾರು ಶೇ 60 ಆದರೆ ಯಾವ ವಿನ್ಯಾಸವೂ ದೋಣಿ ಉರುಳುವುದನ್ನು ತಡೆಯಲಾರದು. 32 ಅಡಿಯ ದೋಣಿಗೆ ಅದು 19 ಅಡಿ. 56 ಅಡಿಯದಕ್ಕೆ 33 ಅಡಿಗೂ ಮೇಲೆ. ಒಂಟಿಯಾಗಿ ಭೂಮಿ ಸುತ್ತುವ 2018ರ ಗೋಲ್ಡನ್ ಗ್ಲೋಬ್ ಪಂದ್ಯದಲ್ಲಿ, ಸೆಪ್ಟೆಂಬರ್ 21ರಂದು, ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಸಿಕ್ಕ ತುರೀಯ ಪೂರ್ತಿ ಉರುಳಿ, ಹಾಯಿಗಂಬ ಕಳೆದುಕೊಂಡಿತು. ಕೀಲ್‌ನ ತೂಕ ಅದನ್ನು ಮತ್ತೆ ನೆಟ್ಟಗೆ ನಿಲ್ಲಿಸಿತು. ಒಡಲು ತೇಲುತ್ತಲೇ ಇತ್ತು. ಬೆನ್ನುಮೂಳೆಗೆ ಪೆಟ್ಟಾಗಿದ್ದ ಟೋಮಿಯವರನ್ನು ಮೂರು ದಿನಗಳ ಮೇಲೆ ಫ್ರಾನ್ಸಿನ ಹಡಗು ಒಸಿರಿಸ್ ಕಾಪಾಡಿತು. ಅದೇ ಟೋಮಿ ಮುಂದಿನ ಪಂದ್ಯಕ್ಕೆ 36 ಅಡಿಯ, ಉದ್ದ ಕೀಲ್‌ನದೇ ಇನ್ನೊಂದು ದೋಣಿ ಹತ್ತಿ, 2023ರ ಏಪ್ರಿಲ್‌ನಲ್ಲಿ ಎರಡನೆಯವರಾಗಿ ದಡ ಮುಟ್ಟಿದರು.

ನನ್ನ ತೀರ್ಮಾನ ಇಷ್ಟು: ವೇಗವಾಗಿ ದೂರ ಕ್ರಮಿಸಲು, ದೊಡ್ಡ ಅಲೆಗಳನ್ನು ತಾಳಿಕೊಳ್ಳಲು ಮ್ಹಾದೇಯಿಯೇ ಮೇಲು. ಕಡಿಮೆ ಯಂತ್ರ, ಕಡಿಮೆ ಶ್ರಮ, ನೇರ ನಡೆ ಬೇಕಿದ್ದರೆ ತುರೀಯದ ಜಾತಿಯೇ ಮೇಲು. ವಿಜ್ಞಾನ ಶಿಕ್ಷಕರಲ್ಲಿ ಒಂದು ಕೋರಿಕೆ: ಆಷಾಢದ ಗಾಳಿ ಬೀಸುವಾಗ ಶಾಲೆಯ ನೀರಿನ ತೊಟ್ಟಿಯಲ್ಲಿ ಮಕ್ಕಳಿಂದ ಎರಡು ಆಟದ ದೋಣಿ ತೇಲಿಸಿ. ಒಂದಕ್ಕೆ ಉದ್ದ ಕೀಲ್, ಇನ್ನೊಂದಕ್ಕೆ ಗಿಡ್ಡ ಕೀಲ್ ಇರಲಿ. ಯಾವುದು ನೆಟ್ಟಗೆ ಹೋಯಿತು, ಯಾವುದು ಬೇಗ ತಿರುಗಿತು ಎಂಬುದನ್ನು ಮಕ್ಕಳೇ ಬರೆದಿಡಲಿ.