ಒಂದು ಮಂಡಳಿ, ಐದು ಕಂಪನಿ

ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಹಗಲೆಲ್ಲ ಕೇಳುವ ಮಗ್ಗಗಳ ಸದ್ದು ಒಮ್ಮೆಲೇ ನಿಂತಿತೆಂದರೆ ನೇಕಾರನ ಬಾಯಿಂದ ಹೊರಡುವ ಮೊದಲ ಮಾತು, “ಕೆಇಬಿಗೆ ಫೋನ್ ಹಚ್ಚು” ಎಂಬುದು. ಕೆಇಬಿ, ಅಂದರೆ ಕರ್ನಾಟಕ ವಿದ್ಯುಚ್ಛಕ್ತಿ ಮಂಡಳಿ, ಇಲ್ಲವಾಗಿ ಕಾಲು ಶತಮಾನ ಕಳೆಯಿತು. ಈಗ ಬಿಲ್ಲು ಕೊಡುವುದು ಹೆಸ್ಕಾಂ, ಎಂದರೆ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ. ಜನ ಹಳೆಯ ಹೆಸರನ್ನೇ ಹಿಡಿದಿರುವುದು ಸಹಜವೇ. ಕಂಬ ಹಳೆಯದು, ತಂತಿ ಹಳೆಯದು. ಲೆಕ್ಕದ ಪುಸ್ತಕ ಮಾತ್ರ ಬೇರೆಯಾಗಿದೆ. ಆ ಪುಸ್ತಕ ಬೇರೆಯಾದ ಬಗೆಯನ್ನು ತಿಳಿದರೆ ಮಗ್ಗ ನಡೆಸುವವನಿಗೂ ಪಂಪಿನ ರೈತನಿಗೂ ಉಪಯೋಗವುಂಟು.

ಹಳೆಯ ಮೈಸೂರಿನಲ್ಲಿ ೧೯೦೨ರಲ್ಲಿಯೇ ಶಿವನಸಮುದ್ರದ ವಿದ್ಯುತ್ತು ಸುಮಾರು ೯೨ ಮೈಲಿ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಅಲ್ಲಿ ಮೊದಲಿನಿಂದಲೂ ಅದು ಸರಕಾರದ ಕೆಲಸ. ನಮ್ಮ ಭಾಗದ ದಾರಿ ಬೇರೆ. ಜಮಖಂಡಿ, ಮುಧೋಳಗಳು ಸಂಸ್ಥಾನಗಳಾಗಿದ್ದು ೧೯೪೮ರಲ್ಲಿ ಮುಂಬಯಿ ಪ್ರಾಂತಕ್ಕೆ, ೧೯೫೬ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದವು. ಗೋಕಾಕದಲ್ಲಿ ಘಟಪ್ರಭೆಯ ನೀರು ಹತ್ತೊಂಬತ್ತನೆಯ ಶತಮಾನದ ಕೊನೆಗೇ ಹತ್ತಿ ಗಿರಣಿಯನ್ನು ನಡೆಸುತ್ತಿತ್ತು. ಅದೇ ಹೊಳೆ ಕೆಳಗೆ ಮುಧೋಳದ ಸೀಮೆಗೆ ಬಂದರೆ, ರೈತ ಎತ್ತು ಹೂಡಿ ಬಾವಿಯ ನೀರೆತ್ತುತ್ತಿದ್ದ.

೧೯೫೭ರ ಅಕ್ಟೋಬರಿನಲ್ಲಿ ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಳಿ ಹುಟ್ಟಿತು. ಮುಂದೆ ರಾಜ್ಯದ ಹೆಸರಿನೊಡನೆ ಅದರ ಹೆಸರೂ ಕರ್ನಾಟಕವಾಯಿತು. ಜೋಗದ ಬಳಿಯ ಶರಾವತಿಯ ಶಕ್ತಿ ಅದರ ಬೆನ್ನಿಗಿತ್ತು. ೧೯೭೦ರಲ್ಲಿ ಉತ್ಪಾದನೆಗೆಂದು ಬೇರೊಂದು ನಿಗಮವನ್ನು ಸ್ಥಾಪಿಸಿದರೂ, ಸಾಗಿಸುವುದು, ಹಂಚುವುದು, ಹಣ ವಸೂಲು ಮಾಡುವುದು ಮಂಡಳಿಯ ಕೈಯಲ್ಲೇ ಉಳಿದವು. ಇದೊಂದು ಕೂಡು ಕುಟುಂಬ. ಹಿರಿಯಣ್ಣನ ಸಂಬಳದಲ್ಲಿ ತಮ್ಮನ ಒಕ್ಕಲುತನ ಸಾಗುವಂತೆ, ಬೆಂಗಳೂರಿನ ಕಾರ್ಖಾನೆ ತೆತ್ತ ಹೆಚ್ಚಿನ ದರದಲ್ಲಿ ಬೀಳಗಿಯ ಪಂಪು ತಿರುಗುತ್ತಿತ್ತು. ಯಾರು ಯಾರಿಗೆ ಎಷ್ಟು ಕೊಟ್ಟರೆಂದು ಮನೆಯೊಳಗೆ ಕೇಳುವವರಿರಲಿಲ್ಲ. ಕುಟುಂಬಕ್ಕೆ ಸಾಲ ಏರಿದ್ದೂ ಹಾಗೆಯೇ.

೧೯೯೯ರ ಆಗಸ್ಟಿನಲ್ಲಿ ಮಂಡಳಿ ಹೋಗಿ ವಿದ್ಯುತ್ ಪ್ರಸರಣ ನಿಗಮ ಬಂತು. ದರ ಗೊತ್ತುಪಡಿಸಲು ಅದೇ ವರ್ಷ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಏರ್ಪಟ್ಟಿತು. ೨೦೦೨ರ ಜೂನ್ ೧ರಂದು ಹಂಚಿಕೆಯ ಕೆಲಸ ಬೆಂಗಳೂರು, ಮಂಗಳೂರು, ಹುಬ್ಬಳ್ಳಿ, ಕಲಬುರ್ಗಿಗಳ ನಾಲ್ಕು ಕಂಪನಿಗಳ ಪಾಲಾಯಿತು. ೨೦೦೫ರಲ್ಲಿ ಮಂಗಳೂರಿನ ಪಾಲನ್ನು ಒಡೆದು ಮೈಸೂರಿನ ಚಾಮುಂಡೇಶ್ವರಿ ಕಂಪನಿ ಮಾಡಿದರು. ಬಾಗಲಕೋಟೆಯೂ ಸೇರಿ ಏಳು ಜಿಲ್ಲೆಗಳು ಹುಬ್ಬಳ್ಳಿಯ ಹಿಸೆಗೆ ಬಂದವು.

ಹಿಸೆಯಾದರೂ ಯಜಮಾನ ಒಬ್ಬನೇ, ರಾಜ್ಯ ಸರಕಾರ. ಕಂಪನಿಗಳ ಷೇರುಗಳೆಲ್ಲ ಅದರ ಕೈಯಲ್ಲಿವೆ. ಅಮೆರಿಕದಲ್ಲಿ ಸ್ಯಾಮ್ಯುಯೆಲ್ ಇನ್ಸುಲ್ ಎಂಬ ಉದ್ಯಮಿ ಒಂದು ಕಂಪನಿಯ ಷೇರನ್ನು ಮತ್ತೊಂದು, ಅದರ ಷೇರನ್ನು ಮಗದೊಂದು ಹಿಡಿಯುವಂತೆ ಗೋಪುರ ಕಟ್ಟಿದ್ದ. ೧೯೩೨ರಲ್ಲಿ ಅದು ಕುಸಿದು ಸಾಮಾನ್ಯರ ಉಳಿತಾಯ ಮಣ್ಣಾಯಿತು. ೧೯೩೫ರಲ್ಲಿ ಕಾಯಿದೆಯೇ ಬರಬೇಕಾಯಿತು. ನಮ್ಮಲ್ಲಿ ಅಂಥ ಗೋಪುರವಿಲ್ಲ. ನಮ್ಮ ತೊಡಕು ಬೇರೆ ಕಡೆಗಿದೆ.

ಬೆಂಗಳೂರಿನ ಪಾಲಿಗೆ ಕಾರ್ಖಾನೆ, ಕಚೇರಿಗಳು ಹೋದವು. ಹುಬ್ಬಳ್ಳಿಯ ಪಾಲಿಗೆ ಪಂಪುಗಳು ಬಹಳ. ಹತ್ತು ಅಶ್ವಶಕ್ತಿಯವರೆಗಿನ ನೀರಾವರಿ ಪಂಪುಗಳಿಗೆ ೨೦೦೮ರಿಂದ ವಿದ್ಯುತ್ತು ಉಚಿತ. ಉಚಿತವೆಂದರೆ ರೈತನಿಗೆ, ಕಂಪನಿ ಅದನ್ನು ಕೊಂಡೇ ತಂದಿರುತ್ತದೆ. ಆ ಹಣವನ್ನು ಸರಕಾರ ಸಹಾಯಧನವಾಗಿ ಕಟ್ಟಿಕೊಡಬೇಕು. ತಡವಾದರೆ ಕಂಪನಿ ಸಾಲ ಮಾಡುತ್ತದೆ, ಬಡ್ಡಿ ಮತ್ತೆ ದರದೊಳಗೆ ನುಸುಳುತ್ತದೆ. ಇನ್ನೊಂದು ಮಾತು: ಬಹುಪಾಲು ಪಂಪುಗಳಿಗೆ ಮೀಟರಿಲ್ಲ. ಎಷ್ಟು ಬಳಕೆಯಾಯಿತೆಂಬುದು ಅಂದಾಜಿನ ಲೆಕ್ಕ. ತಂತಿಯಲ್ಲಿ ಸೋರಿದ್ದೆಷ್ಟು, ಹೊಲ ಕುಡಿದದ್ದೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಸೋರಿಕೆಯನ್ನೂ ರೈತನ ಹೆಸರಿಗೆ ಬರೆದುಬಿಡುವುದು ಸುಲಭ. ಇದು ರೈತನಿಗೆ ನ್ಯಾಯವಲ್ಲವೆಂದು ನನ್ನ ಎಣಿಕೆ.

ನಮ್ಮ ನೆಲವೇ ವಿದ್ಯುತ್ತು ಕೊಡುತ್ತದೆಯೆಂಬುದನ್ನೂ ಇಲ್ಲಿ ನೆನೆಯಬೇಕು. ೨೯೦ ಮೆಗಾವ್ಯಾಟಿನ ಆಲಮಟ್ಟಿ ವಿದ್ಯುದಾಗಾರದ ಹಿಂದಿರುವ ನೀರಿನಲ್ಲಿ ಬೀಳಗಿ ತಾಲ್ಲೂಕಿನ ಹಳ್ಳಿಗಳು ಮುಳುಗಿವೆ. ಸಮೀರವಾಡಿಯ ಸಕ್ಕರೆ ಕಾರ್ಖಾನೆ ರಸ ಹಿಂಡಿದ ಕಬ್ಬಿನ ಸಿಪ್ಪೆಯನ್ನು ಉರಿಸಿ ವಿದ್ಯುತ್ತು ತೆಗೆಯುತ್ತದೆ. ಇವೆಲ್ಲ ರಾಜ್ಯದ ಒಂದೇ ಜಾಲಕ್ಕೆ ಸೇರುತ್ತವೆ. ಮುಳುಗಡೆಯ ಊರಿಗೆ ಅದರಲ್ಲಿ ಮೊದಲ ತುತ್ತಿನ ಹಕ್ಕಿಲ್ಲ.

ಸಣ್ಣ ಮಗ್ಗದವರಿಗೂ ಸಹಾಯಧನವುಂಟು. ಆದರೆ ನೇಕಾರನಿಗೆ ದರದಷ್ಟೇ ದೊಡ್ಡದು ಎಡೆಬಿಡದ ಪೂರೈಕೆ. ನಡುವೆ ನಿಂತು ಮತ್ತೆ ಹೊರಟ ಮಗ್ಗ ಸೀರೆಯ ಮೇಲೆ ಗೆರೆ ಬಿಡುತ್ತದೆ, ಗೆರೆ ಬಿದ್ದ ಸೀರೆಗೆ ಬೆಲೆ ಇಳಿಯುತ್ತದೆ. ದೂರು ಹೇಳಲು ೧೯೧೨ ಎಂಬ ಸಂಖ್ಯೆಯಿದೆ. ದರದ ಮಾತಿಗಾದರೆ ಬೇರೆ ಬಾಗಿಲು. ದರ ಏರಿಸಬೇಕಾದಾಗ ಕಂಪನಿ ತನ್ನ ಜಮಾ-ಖರ್ಚನ್ನೆಲ್ಲ ತೋರಿಸಿ ಆಯೋಗಕ್ಕೆ ಅರ್ಜಿ ಹಾಕಬೇಕು. ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ, ಬಹಿರಂಗ ವಿಚಾರಣೆ ನಡೆಯುತ್ತದೆ. ಬನಹಟ್ಟಿಯ ನೇಕಾರನಾಗಲಿ ಜಮಖಂಡಿಯ ರೈತನಾಗಲಿ ಬರೆದು ಆಕ್ಷೇಪಣೆ ಕಳಿಸಬಹುದು, ಎದ್ದು ನಿಂತು ಕೇಳಲೂಬಹುದು.